ಹರವೆ ಸೀಮೆಯ ತೊಟ್ಟಿಲು: ಕೂಸಿನ ತಾವನ್ನು ಸಿಂಗರಿಸಿದ ಬಗೆ

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಹರಡಿಕೊಂಡಿರುವ ಹರವೆ ಸೀಮೆಯ ಮನೆಗಳಲ್ಲಿ ಕೂಸಿಗೆಂದೇ ಮೀಸಲಾದ ಕೋಣೆ ಇಪ್ಪತ್ತನೆಯ ಶತಮಾನದ ಬಹುಭಾಗ ಕಳೆಯುವವರೆಗೂ ಇರಲಿಲ್ಲ. ಇದರಿಂದ ಇಲ್ಲಿಯ ಜನರು ಎಳೆಯ ಮಗುವಿನ ತಾವನ್ನು ಅಂದಗೊಳಿಸುವ ಗೋಜಿಗೆ ಹೋಗಲಿಲ್ಲವೆಂದು ತಿಳಿಯುವುದು ತಪ್ಪಾಗುತ್ತದೆ. ಬಣ್ಣ, ನಾದ, ಹೊಗೆ, ಹೂವು, ಬಟ್ಟೆ ಎಲ್ಲವೂ ಕೂಸಿನ ಸುತ್ತ ಸೇರುತ್ತಿದ್ದವು. ಆದರೆ ಅವು ಗೋಡೆಯನ್ನು ಆಶ್ರಯಿಸದೆ ತೊಟ್ಟಿಲನ್ನು ಆಶ್ರಯಿಸಿದವು. ತೊಟ್ಟಿಲು ತವರಿನಿಂದ ಗಂಡನ ಮನೆಗೆ, ಒಂದು ಬಾಣಂತನದಿಂದ ಇನ್ನೊಂದು ಬಾಣಂತನಕ್ಕೆ ಸಾಗುವ ವಸ್ತುವಾದುದರಿಂದ ಅದರ ಸಿಂಗಾರವೂ ಅದರೊಡನೆಯೇ ಸಾಗಿತು. ಈ ಸಿಂಗಾರದ ಪ್ರತಿಯೊಂದು ಅಂಗವೂ ಮೊದಲಿಗೆ ಕಾವಲಿನ ಸಾಧನವಾಗಿದ್ದು ಬಳಿಕ ಚೆಲುವಾಯಿತು ಎಂಬುದನ್ನು ಗಮನಿಸದೆ ಇದರ ಚರಿತ್ರೆಯನ್ನು ಅರಿಯಲಾಗದು.

ಮಗುವಿನ ಕೋಣೆ ಹೇಗಿರಬೇಕೆಂಬ ವಿಚಾರ ಭಾರತದಲ್ಲಿ ಬಹಳ ಹಳೆಯದು. ಚರಕಸಂಹಿತೆಯ ಶಾರೀರಸ್ಥಾನವು ಹೆರಿಗೆಗೆಂದು ಕಟ್ಟುವ ಸೂತಿಕಾಗಾರವನ್ನೂ ಆಮೇಲೆ ಮಗುವನ್ನು ಇರಿಸುವ ಕುಮಾರಾಗಾರವನ್ನೂ ಬೇರೆಬೇರೆಯಾಗಿ ವಿವರಿಸುತ್ತದೆ. ಕುಮಾರಾಗಾರವನ್ನು ವಾಸ್ತು ಬಲ್ಲವನು ಕಟ್ಟಬೇಕು. ಅದು ಗಟ್ಟಿಮುಟ್ಟಾಗಿದ್ದು, ಕತ್ತಲೆಯಿಲ್ಲದೆ, ಬಿರುಗಾಳಿಗೆ ಒಡ್ಡಿಕೊಳ್ಳದೆ, ನಾಯಿ, ಇಲಿ, ಸೊಳ್ಳೆಗಳಿಗೆ ಎಡೆಗೊಡದಂತಿರಬೇಕು. ಹಾಸಿಗೆ ಹೊದಿಕೆಗಳನ್ನು ಬಿಳಿಸಾಸಿವೆ, ಇಂಗು, ಗುಗ್ಗುಳ, ಬಜೆ ಮೊದಲಾದವುಗಳ ಹೊಗೆಯಿಂದ ಶುಚಿಮಾಡಬೇಕು. ಅದೇ ಗ್ರಂಥ ಆಟಿಕೆಗಳ ಲಕ್ಷಣವನ್ನೂ ಹೇಳುತ್ತದೆ: ಅವು ಬಗೆಬಗೆಯಾಗಿ, ಸದ್ದುಮಾಡುವಂತೆ, ನೋಡಲು ಸೊಗಸಾಗಿ, ಹಗುರವಾಗಿ ಇರಬೇಕು, ಮೊನೆ ಚೂಪಾಗಿರಬಾರದು, ಬಾಯಿಯೊಳಗೆ ಹೋಗುವಷ್ಟು ಸಣ್ಣದಿರಬಾರದು, ಮಗುವನ್ನು ಹೆದರಿಸಬಾರದು. ಇಷ್ಟು ಹಿಂದೆಯೇ ಚೆಲುವನ್ನೂ ಸುರಕ್ಷತೆಯನ್ನೂ ಒಂದೇ ವಾಕ್ಯದಲ್ಲಿ ಹೆಣೆದ ಈ ದೃಷ್ಟಿ ನಿಜಕ್ಕೂ ಬೆರಗು ಹುಟ್ಟಿಸುವಂಥದು. ಕನ್ನಡದಲ್ಲಿಯೂ ಸುಮಾರು 1200ರ ವೇಳೆಗೆ ದೇವೇಂದ್ರಮುನಿ ಎಂಬವನು 'ಬಾಲಗ್ರಹಚಿಕಿತ್ಸೆ'ಯನ್ನು ಬರೆದನು. ಎಳೆಯ ಮಕ್ಕಳನ್ನು ಪೀಡಿಸುತ್ತವೆಂದು ನಂಬಲಾಗಿದ್ದ ಗ್ರಹಗಳನ್ನೂ ಅವುಗಳಿಗೆ ಪರಿಹಾರವನ್ನೂ ಕುರಿತ ವೈದ್ಯಗ್ರಂಥ ಅದು.

ಶಾಸ್ತ್ರದ ಕುಮಾರಾಗಾರ ಅರಸರಿಗೆ, ಸಿರಿವಂತರಿಗೆ ಸಲ್ಲುವಂಥದು. ಹರವೆ ಸೀಮೆಯ ಒಕ್ಕಲುಮನೆಯಲ್ಲಿ ಅದರ ಸ್ಥಾನದಲ್ಲಿದ್ದದ್ದು ಬಾಣಂತಿ ಕೋಣೆ. ಅನೇಕ ಮನೆಗಳಲ್ಲಿ ಅದು ಕೋಣೆಯೂ ಆಗಿರದೆ, ನಡುಮನೆಯ ಒಂದು ಮೂಲೆಗೆ ಚಾಪೆಯನ್ನೋ ಹಳೆಯ ಸೀರೆಯನ್ನೋ ಮರೆಕಟ್ಟಿ ಮಾಡಿಕೊಂಡ ತಾವಾಗಿರುತ್ತಿತ್ತು. ಗಾಳಿಗೆ ಎಡೆಯಿಲ್ಲದಂತೆ ಕಿಂಡಿಯನ್ನು ಮುಚ್ಚಿ, ಮಡಕೆಯ ಬಾಯಿಯಲ್ಲೋ ಅಗ್ಗಿಷ್ಟಿಕೆಯಲ್ಲೋ ಕೆಂಡವಿಟ್ಟು, ಎಣ್ಣೆ ನೀರಾದ ಮೇಲೆ ಕೂಸಿಗೂ ತಾಯಿಗೂ ಸಾಂಬ್ರಾಣಿಯ ಹೊಗೆ ಕೊಡುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ತಲೆದೆಸೆಯಲ್ಲಿ ಕುಡುಗೋಲನ್ನೋ ಬೇರೆ ಕಬ್ಬಿಣದ ತುಂಡನ್ನೋ ಇಟ್ಟು, ಕೂಸಿನ ಕೈಗೆ ಬಜೆಬೇರಿನ ಮಣಿಗಳನ್ನು ಕಪ್ಪುದಾರದಲ್ಲಿ ಪೋಣಿಸಿ ಕಟ್ಟುತ್ತಿದ್ದರು. ಚರಕನು ಹೊಗೆಗೆ ಹೇಳಿದ ಬಜೆ, ಸೂತಿಕಾಗಾರದ ಬಾಗಿಲಿಗೆ ಕಟ್ಟಲು ಹೇಳಿದ ಗಂಟಿನೊಳಗಿನ ಬಜೆ, ಈ ಸೀಮೆಯ ಅಜ್ಜಿಯರು ಕೂಸಿನ ಮಣಿಕಟ್ಟಿಗೆ ಕಟ್ಟಿದ ಬಜೆ ಮೂರೂ ಒಂದೇ ಬೇರು. ಗ್ರಂಥದಿಂದ ಹಳ್ಳಿಗೆ ಬಂದಿತೋ, ಹಳ್ಳಿಯ ರೂಢಿಯನ್ನೇ ಗ್ರಂಥವು ಬರೆದಿಟ್ಟುಕೊಂಡಿತೋ ಎಂಬ ಪ್ರಶ್ನೆಗೆ ಎರಡನೆಯ ಉತ್ತರವೇ ಹೆಚ್ಚು ಸಹಜವಾಗಿ ತೋರುತ್ತದೆ. ಕತ್ತಲೆಯ ವಿಷಯದಲ್ಲಿ ಮಾತ್ರ ಹಳ್ಳಿಯು ಶಾಸ್ತ್ರಕ್ಕೆ ಎದುರಾಗಿ ನಡೆಯಿತು. ಶೀತದ ಭಯ ಬೆಳಕಿನ ಆಸೆಯನ್ನು ಮೀರಿತು, ಗಾಳಿಯಿಲ್ಲದ ಕೋಣೆಯ ಹೊಗೆಗೆ ಎಷ್ಟೋ ಕೂಸುಗಳ ಎದೆ ಕಟ್ಟಿತು ಎಂಬುದನ್ನೂ ಮರೆಯಲಾಗದು.

ಮಗುವಿನ ಕೋಣೆಯೊಂದು ಸ್ಮಾರಕದ ಪಟ್ಟಕ್ಕೆ ಏರಿದ ನಿದರ್ಶನ ಇದೇ ಜಿಲ್ಲೆಯಲ್ಲಿದೆ. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. 1774ರಲ್ಲಿ ಇಲ್ಲಿ ಹುಟ್ಟಿದ ಚಾಮರಾಜ ಒಡೆಯರ ನೆನಪಿಗೆ ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ತಂದೆ ಹುಟ್ಟಿದ ತಾವಿನಲ್ಲಿ ನಿಂತಿರುವ ಕಟ್ಟಡವೇ ಜನನ ಮಂಟಪ. ಅರಸರು ತಮ್ಮ ಗೆಲುವಿಗೆ, ಸಾವಿಗೆ, ದಾನಕ್ಕೆ ಕಲ್ಲು ನಿಲ್ಲಿಸಿದ್ದು ನಾಡಿನಲ್ಲೆಲ್ಲ ಕಾಣುತ್ತದೆ. ಹೆರಿಗೆಯ ತಾವಿಗೆ ಮಂಟಪ ಕಟ್ಟಿದ್ದು ಅಪರೂಪ. ಇನ್ನೂ ಹಿಂದಕ್ಕೆ ಹೋದರೆ, ಚಾಮರಾಜನಗರ ತಾಲ್ಲೂಕಿನ ನರಸಮಂಗಲದಲ್ಲಿ ಗಂಗರ ಕಾಲದ ರಾಮಲಿಂಗೇಶ್ವರ ದೇವಾಲಯವಿದ್ದು, ಅಲ್ಲಿಯ ಸಪ್ತಮಾತೃಕೆಯರ ಶಿಲ್ಪಗಳು ಹೆಸರುವಾಸಿಯಾಗಿವೆ. ಬ್ರಾಹ್ಮಿಯಿಂದ ಚಾಮುಂಡಿಯವರೆಗಿನ ಈ ಏಳು ತಾಯಂದಿರನ್ನು ಮಕ್ಕಳನ್ನು ಕಾಯುವವರೆಂದೂ, ಒಲಿಸದಿದ್ದರೆ ಕಾಡುವವರೆಂದೂ ಜನ ನಂಬಿದ್ದರು.

ತೊಟ್ಟಿಲಿನ ಕಸುಬು ಈ ಸೀಮೆಯಲ್ಲಿ ಎರಡು ಕೈಗಳಲ್ಲಿ ಹಂಚಿಹೋಗಿತ್ತು. ಬಿದಿರಿನ ತೊಟ್ಟಿಲನ್ನು ಹೆಣೆದವರು ಮೇದರು, ಅಂದರೆ ಬಿದಿರನ್ನು ಸೀಳಿ ಬುಟ್ಟಿ, ಮೊರ, ತಟ್ಟಿಗಳನ್ನು ಮಾಡುವ ಕುಲಕಸುಬಿನವರು. ಹನ್ನೆರಡನೆಯ ಶತಮಾನದ ಶರಣ ಮೇದರ ಕೇತಯ್ಯ ಇದೇ ಕಾಯಕದವನು. ಹಸಿಬಿದಿರನ್ನು ತೆಳುವಾಗಿ ಸೀಳಿ, ಒಳಮೈಯ ಎಳೆಯನ್ನೂ ಹಸಿರು ಸಿಪ್ಪೆಯ ಎಳೆಯನ್ನೂ ಒಂದರ ಮೇಲೊಂದು ಹಾಯಿಸಿದಾಗ ತೊಟ್ಟಿಲಿನ ಮೈಮೇಲೆ ಎರಡು ಬಣ್ಣದ ಚೌಕಳಿ ತಾನಾಗಿ ಮೂಡುತ್ತಿತ್ತು; ಸಿಪ್ಪೆಯ ಎಳೆಗಳಿಗೆ ಬಣ್ಣ ಅದ್ದಿದರೆ ಚೌಕಳಿ ಇನ್ನೂ ಎದ್ದುಕಾಣುತ್ತಿತ್ತು. ಅಂಚಿನಲ್ಲಿ ಸಿಬಿರು ಉಳಿಯದಂತೆ ಮಡಿಸಿ ಸುತ್ತುವುದು ಈ ಕೆಲಸದ ಕಷ್ಟದ ಭಾಗ, ಏಕೆಂದರೆ ಕೂಸಿನ ಕೈ ಮೊದಲು ಹೋಗುವುದು ಅಂಚಿಗೇ. ಬಿದಿರನ್ನು ಒದಗಿಸುತ್ತಿದ್ದದ್ದು ತೆಂಕಣ ಕಾಡು. ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಒಳಗೊಂಡ ಕಾಡು 1941ರಲ್ಲಿ ವೇಣುಗೋಪಾಲ ವನ್ಯಧಾಮದ ಭಾಗವಾಯಿತು. ಎಪ್ಪತ್ತರ ದಶಕದಲ್ಲಿ ಬಂಡೀಪುರದ ಕಾಡು ಹುಲಿ ಯೋಜನೆಗೆ ಸೇರಿತು, ಬಿಳಿಗಿರಿರಂಗನ ಬೆಟ್ಟದ ಕಾಡು ಅಭಯಾರಣ್ಯವಾಯಿತು. 2011ರಲ್ಲಿ ಬಿಳಿಗಿರಿಯೂ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಡಿಗೆ ಅದರಿಂದ ಒಳಿತಾಯಿತು. ಆದರೆ ಬಿದಿರು ಮೇದರ ಕೈಗೆ ಸಿಗುವುದು ದುಸ್ತರವಾಗಿ, ಬಿದಿರಿನ ತೊಟ್ಟಿಲು ಸಂತೆಯಿಂದ ಮರೆಯಾಗತೊಡಗಿತು.

ಮರದ ತೊಟ್ಟಿಲು ಊರ ಆಚಾರಿಯ ಕೆಲಸ. ನಾಲ್ಕು ಮೂಲೆಗೆ ಕಡೆದ ಕಾಲುಗಳು, ಅವುಗಳ ನಡುವೆ ಸಾಲುಗಂಬಿಗಳು, ತಳಕ್ಕೆ ಹಲಗೆ ಅಥವಾ ಹಗ್ಗದ ಹೆಣಿಗೆ, ಮೇಲೆ ತೊಲೆಯ ಕೊಂಡಿಗೆ ಸಿಕ್ಕಿಸುವ ಸರಪಳಿ ಇವಿಷ್ಟು ಅದರ ಅಂಗಗಳು. ಕಾಲಿನ ತುದಿಗೆ ಕಳಶದ ಆಕಾರವನ್ನೋ ಗಿಳಿಯನ್ನೋ ಕೊರೆಯುವುದರಲ್ಲಿ ಆಚಾರಿಯ ಕೈಚಳಕ ಗೊತ್ತಾಗುತ್ತಿತ್ತು. ಬಣ್ಣದ ಮಾತು ಬಂದಾಗ ಕಣ್ಣು ಚನ್ನಪಟ್ಟಣದತ್ತ ಹೊರಳುತ್ತದೆ. ಅಲ್ಲಿ ಹಾಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ; ಉಜ್ಜಾಟದ ಕಾವಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ, ಆಮೇಲೆ ಗರಿಯಿಂದ ತಿಕ್ಕಿದರೆ ಹೊಳಪೇರುತ್ತದೆ. ಈ ಕಸುಬಿಗೆ ಟಿಪ್ಪು ಸುಲ್ತಾನ್ ಆಶ್ರಯ ಕೊಟ್ಟನೆಂಬುದು ಪರಂಪರೆಯ ಮಾತು. ಗಿಲಕಿ, ಅಂದರೆ ಒಳಗೆ ಕಾಳುಗಳಿದ್ದು ಆಡಿಸಿದರೆ ಸದ್ದುಮಾಡುವ ಆಟಿಕೆ, ಮತ್ತು ತೊಟ್ಟಿಲಿನ ಮೇಲೆ ತೂಗುವ ಬಣ್ಣದ ಗುಂಡುಗಳು ಅಲ್ಲಿಂದ ಹಳೆಯ ಮೈಸೂರಿನ ಜಾತ್ರೆಗಳಿಗೆ ಹೋಗುತ್ತಿದ್ದವು. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ ಅಪ್ರಮೇಯಸ್ವಾಮಿ ದೇವಾಲಯದ ಅಂಬೆಗಾಲು ಕೃಷ್ಣನಿಗೆ ಮಕ್ಕಳ ಹರಕೆಯವರು ತೊಟ್ಟಿಲನ್ನು ಒಪ್ಪಿಸುತ್ತಾರೆ. ಆಟಿಕೆಯ ಊರೂ ತೊಟ್ಟಿಲ ಹರಕೆಯ ಊರೂ ಹೀಗೆ ಒಂದೇ ದಾರಿಯಲ್ಲಿವೆ.

ಹೋಲಿಕೆಗಾಗಿ ಬಡಗಣ ಕರ್ನಾಟಕದ ಕಲಘಟಗಿಯ ತೊಟ್ಟಿಲನ್ನು ನೋಡಬಹುದು. ಅಲ್ಲಿ ಹಲಗೆಗಳ ಮೇಲೆ ರಾಮಾಯಣ, ಮಹಾಭಾರತ, ಕೃಷ್ಣಲೀಲೆಗಳ ಪ್ರಸಂಗಗಳನ್ನು ಬರೆದು ಅರಗಿನ ಮೆರುಗು ಕೊಡುತ್ತಾರೆ. ಮಗಳ ಚೊಚ್ಚಲ ಬಾಣಂತನಕ್ಕೆ ತವರಿನವರು ಅದನ್ನು ಕೊಡುವುದು ಹೆಮ್ಮೆಯ ಸಂಗತಿ. ಹರವೆ ಸೀಮೆಯ ತೊಟ್ಟಿಲಿನಲ್ಲಿ ಇಂಥ ಕಥನಚಿತ್ರ ಕಾಣುವುದಿಲ್ಲ. ಇಲ್ಲಿ ಕತೆ ಬಣ್ಣದಲ್ಲಿ ನೆಲೆಗೊಳ್ಳದೆ ಕೊರಳಲ್ಲಿ ನೆಲೆಗೊಂಡಿತು: ಸೋಬಾನೆ ಹಾಡುವ ಹೆಂಗಸರು ತೊಟ್ಟಿಲ ಸುತ್ತ ಕುಳಿತು ಹಾಡಿದರು, ಕಂಸಾಳೆ ಎಂಬ ಕಂಚಿನ ತಾಳವನ್ನು ಬಾರಿಸುತ್ತ ಹಾಡುವ ದೇವರಗುಡ್ಡರು ತಮ್ಮ ದೈವವಾದ ಮಲೆಯ ಮಾದೇಶ್ವರನ, ಅಂದರೆ ಮಾದಪ್ಪನ, ಕಾವ್ಯದಲ್ಲಿ ಸಂಕಮ್ಮನ ಸಾಲೆಂಬ ಭಾಗವನ್ನು ಹಾಡಿ, ಮಕ್ಕಳಿಲ್ಲದ ಸಂಕಮ್ಮ ಮಾದಪ್ಪನ ವರದಿಂದ ಕಾರಯ್ಯ, ಬಿಲ್ಲಯ್ಯರನ್ನು ಹಡೆದ ಕತೆಯನ್ನು ಊರೂರಿಗೆ ಮುಟ್ಟಿಸಿದರು. ಒಂದು ಸೀಮೆ ತನ್ನ ಕಲೆಯನ್ನು ಎಲ್ಲಿ ಇರಿಸುತ್ತದೆಯೋ ಅಲ್ಲಿಯೇ ಅದನ್ನು ಹುಡುಕಬೇಕಾಗುತ್ತದೆ. ಬರಿಯ ಹಲಗೆಯನ್ನು ಕಂಡು ಈ ಸೀಮೆಯನ್ನು ಕಲೆಯಲ್ಲಿ ಬಡವೆಂದು ಎಣಿಸುವುದು ಅನ್ಯಾಯ.

ತೊಟ್ಟಿಲಿನ ಸಿಂಗಾರ ಪೂರ್ಣವಾಗಿ ಕಾಣುತ್ತಿದ್ದದ್ದು ತೊಟ್ಟಿಲು ಶಾಸ್ತ್ರದ ದಿನ, ಅಂದರೆ ಕೂಸಿಗೆ ಹೆಸರಿಟ್ಟು ಮೊದಲ ಬಾರಿಗೆ ತೊಟ್ಟಿಲಿಗೆ ಹಾಕುವ ದಿನ. ತೊಟ್ಟಿಲನ್ನು ತೊಳೆದು ಅರಿಶಿನ ಕುಂಕುಮ ಇಟ್ಟು, ಸರಪಳಿಗೆ ಹೂವು ಸುತ್ತಿ, ಅಜ್ಜಿಯ ಮೆತ್ತನೆಯ ಹಳೆಯ ಸೀರೆಯನ್ನು ಮಡಿಸಿ ಹಾಸಿ, ಮೊದಲಿಗೆ ಗುಂಡುಕಲ್ಲನ್ನು ಮಲಗಿಸಿ ತೂಗುವುದುಂಟು. ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಎಂಬ ಹಾರೈಕೆಯೂ, ಮೊದಲ ದೃಷ್ಟಿ ಕಲ್ಲಿಗೆ ತಾಗಿಹೋಗಲಿ ಎಂಬ ಎಣಿಕೆಯೂ ಅದರಲ್ಲಿವೆ. ಹರವೆಯಲ್ಲಿ ವಿರಕ್ತಮಠವಿದ್ದು, ಸುತ್ತಲ ಊರುಗಳಲ್ಲಿ ಲಿಂಗಾಯತ ಮನೆಗಳು ಹೆಚ್ಚಾಗಿವೆ. ಈ ಮನೆಗಳಲ್ಲಿ ಎಳೆಗೂಸಿಗೇ ಲಿಂಗಧಾರಣೆ ಮಾಡಿಸಿ, ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ಕೂಸಿನ ಮೈಗೆ ಅಥವಾ, ಮೈ ಇನ್ನೂ ಎಳತೆಂದು, ತೊಟ್ಟಿಲಿಗೆ ಕಟ್ಟುವ ರೂಢಿಯಿತ್ತು. ಬರಿದಾದ ತೊಟ್ಟಿಲನ್ನು ತೂಗಬಾರದೆಂಬ ಕಟ್ಟಳೆಯೂ, ಮಕ್ಕಳು ಉಳಿದು ಬಾಳಿದ ಮನೆಯ ತೊಟ್ಟಿಲನ್ನೇ ಕೇಳಿ ತರುವ ಪದ್ಧತಿಯೂ ಕೂಸನ್ನು ಕಳೆದುಕೊಳ್ಳುವ ಭಯದಿಂದ ಹುಟ್ಟಿದವು. ಹಡೆದ ಮಕ್ಕಳಲ್ಲಿ ಕೆಲವರನ್ನು ಕಳೆದುಕೊಳ್ಳದ ತಾಯಿ ಅಪರೂಪವಾಗಿದ್ದ ಕಾಲದಲ್ಲಿ ಹೊಸ ತೊಟ್ಟಿಲಿಗಿಂತ ಹಳೆಯ ತೊಟ್ಟಿಲಿಗೆ ಬೆಲೆ ಹೆಚ್ಚಾಗಿತ್ತು.

ಇಷ್ಟಾದರೂ ಮರದ ತೊಟ್ಟಿಲು ಎಲ್ಲರ ಮನೆಯದಾಗಿರಲಿಲ್ಲ. ಕೂಲಿಮಾಡುವ ಮನೆಗಳಲ್ಲಿ, ಹೊಲಗೆಲಸದ ದಿನಗಳಲ್ಲಿ ಒಕ್ಕಲುಮನೆಗಳಲ್ಲಿಯೂ, ಕೂಸಿನ ತಾವು ಜೋಲಿ. ಹಳೆಯ ನೂಲಿನ ಸೀರೆಯ ಎರಡು ತುದಿಗಳನ್ನು ತೊಲೆಗೋ ಬದುವಿನ ಹೊಂಗೆ, ಬೇವಿನ ಕೊಂಬೆಗೋ ಕಟ್ಟಿದರೆ ಜೋಲಿಯಾಯಿತು. ಬಾಯಿ ಮುಚ್ಚಿಕೊಳ್ಳದಂತೆ ನಡುವೆ ಒಂದು ಅಡ್ಡಕಡ್ಡಿ ಸಿಕ್ಕಿಸಿದರೆ ಗಾಳಿಯಾಡುತ್ತಿತ್ತು. ರಾಗಿಹೊಲದಲ್ಲಿ ಕಳೆ ಕೀಳುವ ತಾಯಿ ಸಾಲು ಮುಗಿದಾಗಲೊಮ್ಮೆ ಬಂದು ತೂಗಿ ಹೋಗುವಳು. ಸೀರೆಯ ಅಂಚು, ಸೆರಗಿನ ಬಣ್ಣ, ಅದರ ಮೂಲಕ ಸೋಸಿಬರುವ ಬೆಳಕು ಇವೇ ಆ ಕೂಸು ಕಂಡ ಮೊದಲ ಚಿತ್ತಾರ. ತಾಯಿಯ ಮೈವಾಸನೆಯುಳ್ಳ ಆ ಬಟ್ಟೆಯೊಳಗೆ ಕೂಸು ಪಡೆಯುವ ನೆಮ್ಮದಿಯನ್ನು ಯಾವ ಕೆತ್ತನೆಯ ತೊಟ್ಟಿಲೂ ಕೊಟ್ಟಿರಲಾರದು.

ಹೆರಿಗೆ ಆಸ್ಪತ್ರೆಗೆ ಸಾಗಿದಾಗ ಬಾಣಂತಿ ಕೋಣೆಯ ಮೊದಲ ದಿನಗಳೂ ಆಸ್ಪತ್ರೆಗೆ ಸಾಗಿದವು. 2005ರ ಜನನಿ ಸುರಕ್ಷಾ ಯೋಜನೆ ಬಡ ತಾಯಂದಿರ ಆಸ್ಪತ್ರೆ ಹೆರಿಗೆಗೆ ಹಣದ ನೆರವು ನೀಡಿತು. 2007ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಮಡಿಲು ಯೋಜನೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡತಾಯಂದಿರಿಗೆ ಸೊಳ್ಳೆಪರದೆ, ಕೂಸಿನ ಹಾಸಿಗೆ, ಹೊದಿಕೆ, ಟೋಪಿ, ಸಾಕ್ಸ್‌ಗಳುಳ್ಳ ಕಿಟ್ ಕೊಟ್ಟಿತು. ಕೂಸಿನ ತಾವನ್ನು ಒಪ್ಪಮಾಡುವ ತವರಿನ ಹೊಣೆಯನ್ನು ಸರ್ಕಾರವೇ ಹಂಚಿಕೊಂಡ ಈ ನಡೆ ಈ ಚರಿತ್ರೆಯಲ್ಲಿ ಸಣ್ಣದಲ್ಲ.

ತಾರಸಿ ಮನೆಗಳು ಬಂದು ಕೋಣೆಗಳು ಹೆಚ್ಚಿದ ಮೇಲೆ, ತಾಲ್ಲೂಕು ಕೇಂದ್ರಗಳಲ್ಲಿ ಮೊದಲಿಗೆ, ಹಳ್ಳಿಗಳಲ್ಲಿ ಆಮೇಲೆ, ಗೋಡೆಗೆ ತಿಳಿಬಣ್ಣ ಬಳಿದು ಚಿತ್ರಗಳನ್ನು ಅಂಟಿಸುವ ಮಕ್ಕಳ ಕೋಣೆ ಕಾಣಿಸಿಕೊಂಡಿತು. ಇದರ ಮಾದರಿ ಹತ್ತೊಂಬತ್ತನೆಯ ಶತಮಾನದ ಯುರೋಪಿನ ಸಿರಿವಂತರ ಮನೆ. ಅಲ್ಲಿಯೂ ಗೋಡೆಯ ಚೆಲುವು ನಿರಪಾಯವಾಗಿರಲಿಲ್ಲ: 1775ರಲ್ಲಿ ರಸಾಯನಶಾಸ್ತ್ರಜ್ಞ ಷೀಲೆ ಕಂಡುಹಿಡಿದ ಹಸಿರುಬಣ್ಣದಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಇತ್ತು, ಆ ಬಣ್ಣದ ಗೋಡೆಕಾಗದ ಮಕ್ಕಳ ಕೋಣೆಗಳಿಗೂ ಹೋಯಿತು. ಭಾರತದಲ್ಲಿ ಇಂಥದೇ ಆತಂಕ ಸೀಸದ್ದು. ಎಣ್ಣೆಬಣ್ಣಕ್ಕೆ ಹೊಳಪು ತರಲು, ಬೇಗ ಒಣಗಿಸಲು ಬೆರೆಸುತ್ತಿದ್ದ ಸೀಸ ಎಳೆಯ ಮಿದುಳಿಗೆ ಕೇಡು ಮಾಡುತ್ತದೆ. 2016ರಲ್ಲಿ ಹೊರಡಿಸಿ 2017ರ ನವೆಂಬರ್‌ನಿಂದ ಜಾರಿಗೆ ತಂದ ಕೇಂದ್ರ ನಿಯಮವು ಮನೆಬಳಕೆಯ ಬಣ್ಣದಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಇಳಿಸಿತು. 2021ರ ಜನವರಿಯಿಂದ ಆಟಿಕೆಗಳಿಗೂ ಗುಣಮಟ್ಟದ ಗುರುತು ಕಡ್ಡಾಯವಾಯಿತು. ಬಾಯಿಗೆ ಹೋಗದಿರಲಿ, ಮೊನೆ ಚೂಪಾಗದಿರಲಿ ಎಂದು ಚರಕಸಂಹಿತೆ ಬರೆದಿಟ್ಟ ಎಚ್ಚರಿಕೆಯೇ ಇಲ್ಲಿ ಕಾನೂನಿನ ಮಾತಾಗಿದೆ. ಆದರೆ ನಿಯಮ ಹೊಸ ಡಬ್ಬಿಯ ಬಣ್ಣಕ್ಕೆ ಮಾತ್ರ ಅನ್ವಯಿಸುತ್ತದೆ. ಅಟ್ಟದಲ್ಲಿರುವ ಹಳೆಯ ಮರದ ತೊಟ್ಟಿಲುಗಳಿಗೆ ತಲೆಮಾರುಗಳಿಂದ ಬಾಣಂತನಕ್ಕೊಮ್ಮೆ ಬಳಿದ ಎಣ್ಣೆಬಣ್ಣದ ಪದರಗಳು ಹಾಗೆಯೇ ಇವೆ, ಹಲ್ಲು ಬರುವ ಕೂಸು ಕಚ್ಚುವುದು ಆ ಕಂಬಿಗಳನ್ನೇ. ಅಂಥ ತೊಟ್ಟಿಲನ್ನು ಇಳಿಸುವ ಮನೆಯವರು ಮೇಲೆ ಇನ್ನೊಂದು ಪದರ ಬಳಿಯುವ ಬದಲು, ಕೂಸೂ ಬಸುರಿಯೂ ಇಲ್ಲದ ತಾವಿನಲ್ಲಿ, ದೂಳೇಳದಂತೆ ನೆನೆಸಿ ಹಳೆಯ ಬಣ್ಣವನ್ನು ತೆಗೆಸಿ, ಬರಿಮರಕ್ಕೆ ಅರಗಿನ ಮೆರುಗನ್ನು ಹಚ್ಚಿಸುವುದು ಒಳ್ಳೆಯದು.