ಕಾಂಗ್ರೆಸ್ ಗಿಡದ ನವೆ ಮತ್ತು ಒಂದು ಪುಟ್ಟ ಟ್ಯೂಬಿನ ಚರಿತ್ರೆ



ಕಳೆದ ಕಾರ್ತಿಕ ಮಾಸದಲ್ಲಿ ಹರಿಹರೇಶ್ವರನ ದರ್ಶನಕ್ಕೆಂದು ಹರಿಹರಕ್ಕೆ ಹೋಗಿದ್ದೆ. ದೇವಾಲಯದ ಅಂಗಳದಲ್ಲಿ ಅರವತ್ತು ದಾಟಿದ ಒಬ್ಬ ಹಿರಿಯ ಬಂದು ಕಾಲಿಗೆರಗಿದ. ನನ್ನ ಹಳೆಯ ವಿದ್ಯಾರ್ಥಿ. ಕುಶಲ ಪ್ರಶ್ನೆಗಳು ಮುಗಿದ ಮೇಲೆ ಅಂಗಿಯ ತೋಳು ಮಡಿಸಿ ಮೊಣಕೈ ತೋರಿಸಿ, "ಸಾರ್, ಅವತ್ತು ನೀವು ಕೀಳಿಸಿದ ಗಿಡದ ನವೆ ಇನ್ನೂ ಹೋಗಿಲ್ಲ ನೋಡ್ರಿ" ಎಂದು ನಕ್ಕ. ನನಗೆ ನಗು ಬರಲಿಲ್ಲ.

1979ರಲ್ಲಿ ನಮ್ಮ ಶಾಲೆಯಲ್ಲಿ ಶ್ರಮದಾನ ಸಪ್ತಾಹ ನಡೆಯಿತು. ಆಟದ ಬಯಲಿನ ತುಂಬ ಬಿಳಿ ಹೂವಿನ ಪಾರ್ಥೇನಿಯಂ ಎದೆಯುದ್ದ ಬೆಳೆದಿತ್ತು. ನಮ್ಮ ಕಡೆ ಅದನ್ನು ಕಾಂಗ್ರೆಸ್ ಗಿಡವೆಂದೇ ಕರೆಯುತ್ತಾರೆ. ನಾನು ಮುಂದೆ ನಿಂತು ಮಕ್ಕಳಿಂದ ಬರಿಗೈಯಲ್ಲಿ ಅದನ್ನು ಕೀಳಿಸಿದೆ. ನಾನೂ ಕಿತ್ತೆ. ಉಷ್ಣವಲಯದ ಅಮೆರಿಕಾ ಮೂಲದ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಎರಡು ದಶಕಗಳಲ್ಲಿ ರೈಲುಹಳಿಗಳ ಗುಂಟ, ಹೊಲದ ಬದುಗಳ ಗುಂಟ ನಮ್ಮಲ್ಲಿಗೂ ಹಬ್ಬಿತು. ಪರದೇಶದ ಗೋಧಿಯೊಡನೆ ಬಂದಿತೆಂಬುದು ಜನಜನಿತವಾದ ಮಾತು. ಕರ್ನಾಟಕ ಸರ್ಕಾರವು 1975ರಲ್ಲಿಯೇ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತ್ತು. ಇದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಒಣಗಿದ ಗಿಡದ ಧೂಳು ಗಾಳಿಯಲ್ಲಿ ತೇಲಿ ಬಂದರೂ ಸಾಕು, ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈಯ ಮಡಿಕೆಗಳಲ್ಲಿ ಇಸಬು ಏಳುತ್ತದೆ. ಕಿತ್ತು ಹಾಕಬೇಕೆಂಬ ಉತ್ಸಾಹವಿದ್ದ ನನಗೆ ಈ ಅರಿವು ಇರಲಿಲ್ಲ. ಇತಿಹಾಸ ಬೋಧಿಸುವವನಿಗೆ ಸಸ್ಯಶಾಸ್ತ್ರದ ಗೊಡವೆ ಏಕೆಂದು ಈಗ ನೆಪ ಹೇಳಲಾರೆ.

ಆ ವರ್ಷ ನನ್ನ ಕುತ್ತಿಗೆಯೂ ಮೊಣಕೈಗಳೂ ಕೆಂಪೇರಿ ಉರಿದವು. ದಾವಣಗೆರೆಯ ಒಂದು ಔಷಧದ ಅಂಗಡಿಯಲ್ಲಿ ಕೇಳಿದಾಗ ಒಂದು ಪುಟ್ಟ ಟ್ಯೂಬನ್ನು ಕೊಟ್ಟರು. ಚೀಟಿ ಕೇಳಲಿಲ್ಲ. ಎರಡೇ ದಿನಗಳಲ್ಲಿ ನವೆ ಮಾಯ! ಬಿಟ್ಟೆ, ಮರಳಿ ಬಂತು, ಹಚ್ಚಿದೆ, ಹೋಯಿತು. ಹೀಗೆ ಎಂಟು ತಿಂಗಳು ಕಳೆದವು. ಮೊಣಕೈಯ ಮಡಿಕೆಯಲ್ಲಿ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿ ಉದ್ದುದ್ದ ಗೆರೆಗಳು ಮೂಡಿದವು. ಆ ಗೆರೆಗಳು ಇಂದಿಗೂ ಅಲ್ಲಿವೆ.

ಆ ಟ್ಯೂಬಿನೊಳಗೆ ಇದ್ದುದೇನು? ಅದರ ಕಥೆ ನಮ್ಮೂರಿನಿಂದ ಬಹುದೂರದಲ್ಲಿ ಆರಂಭವಾಗುತ್ತದೆ. 1948ರಲ್ಲಿ ಅಮೆರಿಕಾದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟು ವಿಸ್ಮಯಕರ ಫಲ ಕಂಡರು. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್, ಕೆಂಡಾಲ್ ಮತ್ತು ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು. ಆದರೆ ಕಾರ್ಟಿಸೋನನ್ನು ಚರ್ಮಕ್ಕೆ ಲೇಪಿಸಿದರೆ ಪ್ರಯೋಜನವಾಗಲಿಲ್ಲ. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಅದರ ಸೋದರವಸ್ತುವಾದ ಹೈಡ್ರೊಕಾರ್ಟಿಸೋನನ್ನು ಇಸಬಿಗೆ ಹಚ್ಚಿ ಗುಣ ಕಂಡರು. ಚರ್ಮವೈದ್ಯದಲ್ಲಿ ಅದೊಂದು ಯುಗಾರಂಭ. ಬಳಿಕ ಬೀಟಾಮೆಥಸೋನ್ ಬಂತು, 1970ರ ದಶಕದಲ್ಲಿ ಅತಿ ಪ್ರಬಲವಾದ ಕ್ಲೋಬೆಟಸಾಲ್ ಬಂತು. ಇವೆಲ್ಲ ಒಂದೇ ಕುಲದವಾದರೂ ಶಕ್ತಿಯಲ್ಲಿ ಹಣತೆಗೂ ಕಾಡ್ಗಿಚ್ಚಿಗೂ ಇರುವಷ್ಟು ಅಂತರ. ನನಗೆ ದೊರೆತದ್ದು ಹಣತೆಯಲ್ಲವೆಂಬುದು ಬಹುಕಾಲದ ಮೇಲೆ ತಿಳಿಯಿತು.

ಅಂಗಡಿಯವರನ್ನು ಮಾತ್ರ ದೂರುವುದು ನ್ಯಾಯವಲ್ಲ. 1945ರ ಔಷಧ ನಿಯಮಾವಳಿಯ ಅನುಸೂಚಿ 'ಎಚ್'ನಲ್ಲಿ ಸ್ಟೀರಾಯ್ಡುಗಳಿದ್ದರೂ ಮೈಮೇಲೆ ಹಚ್ಚುವ ಲೇಪಗಳಿಗೆ ವಿನಾಯಿತಿ ಇತ್ತು. ಆ ಸಣ್ಣ ಕಿಂಡಿಯಿಂದ ಎಷ್ಟು ಟ್ಯೂಬುಗಳು ನುಸುಳಿದವೋ! ಮುಖ ಬೆಳ್ಳಗಾಗಲೆಂದು ಮದುವೆಗೆ ಮುನ್ನ ಹೆಣ್ಣುಮಕ್ಕಳು ಸ್ಟೀರಾಯ್ಡ್ ಬೆರೆತ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದ್ದನ್ನು ನಮ್ಮ ಬಂಧುವರ್ಗದಲ್ಲೇ ಕಂಡಿದ್ದೇನೆ. ಮೊದಲು ಹೊಳಪು, ಆಮೇಲೆ ಮೊಡವೆ, ಕೆಂಪು ನರಗಳು, ಬಿಸಿಲಿಗೆ ಉರಿ, ಬಿಟ್ಟರೆ ಮೊದಲಿಗಿಂತ ಹೆಚ್ಚಿನ ಕೆರಳಿಕೆ. 2011ರಲ್ಲಿ ಪ್ರಕಟವಾದ, ಭಾರತದ ಹಲವು ಕೇಂದ್ರಗಳಲ್ಲಿ ನಡೆದ ಅಧ್ಯಯನದಲ್ಲಿ ಮುಖದ ಚರ್ಮರೋಗದ 2926 ಮಂದಿಯ ಪೈಕಿ 433 ಮಂದಿ ಇಂಥ ಲೇಪ ಬಳಸುತ್ತಿದ್ದರು. ಚರ್ಮವೈದ್ಯರ ಸಂಘದ ಒತ್ತಾಯದ ತರುವಾಯ, 2018ರಲ್ಲಿ ಕೇಂದ್ರ ಸರ್ಕಾರವು 14 ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಅಧಿಸೂಚನೆ ಹೊರಡಿಸಿತು. ಕಾಯಿದೆ ಬಂತು. ಅಭ್ಯಾಸ ಬದಲಾಗಲು ಇನ್ನೆಷ್ಟು ಕಾಲವೋ!

ಹಾಗೆಂದು ಔಷಧವೇ ವಿಷವೆಂದು ಭಾವಿಸಬೇಡಿ. ಈ ಭಯದಿಂದ ಮಗುವಿನ ಇಸಬಿಗೆ ಏನನ್ನೂ ಹಚ್ಚದೆ, ರಾತ್ರಿಯೆಲ್ಲ ಕೆರೆದು ರಕ್ತ ಬರುವಂತೆ ಬಿಟ್ಟ ತಾಯಂದಿರೂ ಇದ್ದಾರೆ. ಅದೂ ತಪ್ಪೇ. ಕೊನೆಗೆ ನಾನು ತೋರಿಸಿದ ವೈದ್ಯರು ಅದೇ ಕುಲದ ಸೌಮ್ಯ ಲೇಪವನ್ನೇ ಕೊಟ್ಟು ಗುಣಪಡಿಸಿದರು. ವ್ಯತ್ಯಾಸವಿದ್ದುದು ಅಳತೆಯಲ್ಲಿ, ಅವಧಿಯಲ್ಲಿ, ಜಾಗದಲ್ಲಿ.

ಅಳತೆಗೊಂದು ಸೊಗಸಾದ ಮಾನವಿದೆ. 1991ರಲ್ಲಿ ಲಾಂಗ್ ಮತ್ತು ಫಿನ್ಲೇ ಇದನ್ನು ರೂಪಿಸಿದರು. ಟ್ಯೂಬನ್ನು ಹಿಂಡಿ ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಇಟ್ಟ ಲೇಪ ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈ ಅಗಲದ ಚರ್ಮಕ್ಕೆ ಅಷ್ಟು ಸಾಕು. ಕೆಂಪೇರಿದ ಜಾಗಕ್ಕೆ ಮಾತ್ರ, ವೈದ್ಯರು ಹೇಳಿದಂತೆ ದಿನಕ್ಕೊಮ್ಮೆ ಅಥವಾ ಎರಡು ಬಾರಿ, ತೆಳುವಾಗಿ. ಕ್ಲೋಬೆಟಸಾಲಿನಂಥ ಪ್ರಬಲ ಲೇಪವನ್ನು ಸಾಮಾನ್ಯವಾಗಿ ಎರಡು ವಾರಕ್ಕೆ ಮೀರಿ ಸತತವಾಗಿ ಹಚ್ಚುವಂತಿಲ್ಲ. ಮುಖ, ಕಂಕುಳು, ತೊಡೆಸಂದು ಮತ್ತು ಮಕ್ಕಳ ಮೈಗೆ ಪ್ರಬಲವಾದದ್ದನ್ನು ಸ್ವಂತ ಬುದ್ಧಿಯಿಂದ ಹಚ್ಚಲೇಬಾರದು. ಅಲ್ಲಿನ ಚರ್ಮ ಬಲು ಬೇಗ ಹೀರಿಕೊಳ್ಳುತ್ತದೆ. ಕಣ್ಣಿನ ಸುತ್ತ ದೀರ್ಘಕಾಲ ಬಳಸಿದರೆ ಕಣ್ಣಿನ ಒತ್ತಡ ಏರುವ ಅಪಾಯವಿದೆ. ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಔಷಧದ ಬಲ ಹೆಚ್ಚುತ್ತದೆ. ತಿಂಗಳುಗಟ್ಟಲೆ ಹಚ್ಚಿದವರು ಥಟ್ಟನೆ ನಿಲ್ಲಿಸದೆ ವೈದ್ಯರನ್ನು ಕೇಳಿ ನಿಲ್ಲಿಸಬೇಕು. ಇನ್ನು ಕಾಂಗ್ರೆಸ್ ಗಿಡದ ಇಸಬಿನವರು ಆ ಗಿಡದಿಂದ ದೂರವಿರದಿದ್ದರೆ ಯಾವ ಲೇಪವೂ ಗೆಲ್ಲಲಾರದು.

ನನ್ನ ವಿದ್ಯಾರ್ಥಿಯ ತೋಳಿಗೆ ಮರಳುತ್ತೇನೆ. ಅಲ್ಲಿದ್ದ ಕೆಂಪಿನ ಅಂಚು ಉಂಗುರದಂತೆ ಉಬ್ಬಿತ್ತು. ಇದು ಹಳೆಯ ಇಸಬಿನಂತೆ ಕಾಣುವುದಿಲ್ಲವಲ್ಲ ಎಂದು ಸಂಶಯ ಬಂತು. "ಏನು ಹಚ್ತಿಯೋ?" ಎಂದೆ. ಜೇಬಿನಿಂದ ಟ್ಯೂಬು ತೆಗೆದ: ಸ್ಟೀರಾಯ್ಡು, ಬ್ಯಾಕ್ಟೀರಿಯಾ ನಾಶಕ, ಶಿಲೀಂಧ್ರ ನಾಶಕ, ಮೂರೂ ಬೆರೆತದ್ದು. ಹುಳುಕಡ್ಡಿಯ ಮೇಲೆ ಸ್ಟೀರಾಯ್ಡ್ ಹಚ್ಚಿದರೆ ನವೆ ತಗ್ಗುತ್ತದೆ, ಆದರೆ ಶಿಲೀಂಧ್ರ ವೇಷ ಮರೆಸಿಕೊಂಡು ಹರಡುತ್ತದೆ. ಬ್ರಿಟನ್ನಿನ ವೈದ್ಯರು 1968ರಲ್ಲೇ ಇದಕ್ಕೆ ಮಾರುವೇಷದ ಹುಳುಕಡ್ಡಿ ಎಂಬರ್ಥದ ಹೆಸರಿಟ್ಟಿದ್ದರು. ಔಷಧಕ್ಕೆ ಜಗ್ಗದ ಒಂದು ಬಗೆಗೆ 2020ರಲ್ಲಿ ನಮ್ಮ ದೇಶದ ಹೆಸರೇ ಸೇರಿತು: ಟ್ರೈಕೋಫೈಟಾನ್ ಇಂಡೋಟಿನಿಯೆ. ಇಂಥ ಕೀರ್ತಿ ಯಾರಿಗೆ ಬೇಕು!

ಮರುವಾರ ಅವನನ್ನು ದಾವಣಗೆರೆಗೆ ಕರೆಸಿಕೊಂಡು ಚರ್ಮವೈದ್ಯರ ಬಳಿ ನಾನೇ ಜೊತೆಗೆ ಹೋದೆ. ಅವರು ತೋಳಿನ ಹೊಟ್ಟನ್ನು ಮೆಲ್ಲನೆ ಕೆರೆದು, ಗಾಜಿನ ಮೇಲೆ ಒಂದು ಹನಿ ದ್ರಾವಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ನನಗೂ ತೋರಿಸಿದರು. ಎಳೆ ಎಳೆಯಾಗಿ ಶಿಲೀಂಧ್ರ ಕಾಣುತ್ತಿತ್ತು. ಮಿಶ್ರ ಲೇಪ ನಿಲ್ಲಿಸಿ, ಹುಳುಕಡ್ಡಿಗೆ ಮಾತ್ರೆ ಬರೆದು, ಅದು ಪೂರ್ಣ ಹೋದ ಮೇಲೆ ಹಳೆಯ ಇಸಬನ್ನು ನೋಡೋಣವೆಂದರು. ಹೊರಗೆ ಬಂದ ಮೇಲೆ ಅವನು, "ಹಂಗಾರೆ ಇದು ನಿಮ್ಮ ಗಿಡದ್ದಲ್ಲ ಬಿಡ್ರಿ ಸಾರ್" ಎಂದು ನನ್ನನ್ನು ಸಮಾಧಾನಪಡಿಸಿದ. ಅರ್ಧ ಖಾಲಿಯಾದ ಆ ಟ್ಯೂಬನ್ನು ನಾನೇ ಇಸಿದುಕೊಂಡೆ.

ಅಂದು ಆ ಬಯಲಿನಲ್ಲಿ ನನ್ನೊಡನೆ ಗಿಡ ಕಿತ್ತವರು ಇನ್ನೂ ಸುಮಾರು ನಲವತ್ತು ಮಂದಿ ಇದ್ದಿರಿ. ಯಾರಿಗಾದರೂ ಆ ನವೆ ಉಳಿದಿದ್ದರೆ ದಯವಿಟ್ಟು ನನಗೆ ಬರೆಯಿರಿ.