ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕರ್ತೃತ್ವವಿಚಾರ

ಗ್ರಂಥಗಳಿಗಿರುವಂತೆಯೇ ಯಂತ್ರಗಳಿಗೂ ಕರ್ತೃತ್ವವಿವಾದಗಳುಂಟು. ಧನಸಂಬಂಧವುಳ್ಳವಾದುದರಿಂದ ಇವು ನ್ಯಾಯಸ್ಥಾನದವರೆಗೂ ಹೋಗುವುವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಕುರಿತು ಜರ್ಮನಿಯಲ್ಲಿ ಹುಟ್ಟಿದ ವಿವಾದವು ಅಂತಹುದು.

ಬೆಳಕಿನ ತರಂಗದ ಉದ್ದವೇ ಗಾಜಿನ ಸೂಕ್ಷ್ಮದರ್ಶಕಕ್ಕೆ ಎಲ್ಲೆ; ಅದಕ್ಕಿಂತ ಬಹಳ ಕಿರಿದಾದ ವಸ್ತು ಅದರಲ್ಲಿ ವಿಂಗಡವಾಗಿ ತೋರದು. ತಂತಿಯ ಸುರುಳಿಯ ಕಾಂತಕ್ಷೇತ್ರವು ಎಲೆಕ್ಟ್ರಾನುಗಳನ್ನು ಮಸೂರದಂತೆ ಒಂದೆಡೆಗೆ ಕೂಡಿಸುವುದೆಂದು 1926ರಲ್ಲಿ ಹಾನ್ಸ್ ಬುಷ್ ತೋರಿಸಿಕೊಟ್ಟನು. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಮಾಕ್ಸ್ ಕ್ನೋಲ್ ಮತ್ತು ಆತನ ಶಿಷ್ಯನಾದ ಅರ್ನ್‌ಸ್ಟ್ ರುಸ್ಕ ಇವರು 1931ನೆಯ ಏಪ್ರಿಲಿನಲ್ಲಿ ಅಂತಹ ಎರಡು ಸುರುಳಿಗಳನ್ನು ಸಾಲಾಗಿಟ್ಟು, ಸುಮಾರು 16 ಪಟ್ಟು ಹಿಗ್ಗಿದ ಬಿಂಬವನ್ನು ಪಡೆದರು. ಸಾಮಾನ್ಯ ಭೂತಗನ್ನಡಿಯ ಶಕ್ತಿಯನ್ನು ಅದು ಹೆಚ್ಚಾಗಿ ಮೀರಲಿಲ್ಲವೆಂಬುದು ನಿಜ. ಆದರೆ ಮಾರ್ಗವು ಸಿದ್ಧವಾಯಿತು.

ಕ್ನೋಲನು ಇದನ್ನು ಜೂನ್ 4ರಂದು ವಿದ್ವತ್ಸಭೆಯಲ್ಲಿ ಉಪನ್ಯಸಿಸಿದನು. ಅದಕ್ಕೆ ಕೆಲವೇ ದಿನ ಮೊದಲು, ಮೇ ತಿಂಗಳ ಕಡೆಯಲ್ಲಿ, ಸೀಮೆನ್ಸ್ ಸಂಸ್ಥೆಯವರು ತಮ್ಮ ಎಂಜಿನಿಯರಾದ ರೈನ್‌ಹೋಲ್ಡ್ ರ್ಯೂಡೆನ್‌ಬರ್ಗನ ಕಲ್ಪನೆಯೆಂದು ಇದೇ ತತ್ತ್ವಕ್ಕೆ ಪೇಟೆಂಟು ಬೇಡಿದ್ದರು. ಆತನು ಯಂತ್ರವನ್ನು ಕಟ್ಟಿರಲಿಲ್ಲ. ಸೀಮೆನ್ಸಿನ ಭೌತವಿಜ್ಞಾನಿಯೊಬ್ಬನು ಉಪನ್ಯಾಸಕ್ಕೆ ಮುಂಚೆ ಕ್ನೋಲನ ಪ್ರಯೋಗಶಾಲೆಗೆ ಹೋಗಿಬಂದಿದ್ದನೆಂಬುದು ರುಸ್ಕನ ಪಕ್ಷದವರ ಆಕ್ಷೇಪ. ತನ್ನ ಮಗನಿಗೆ ಪೋಲಿಯೋ ತಗುಲಿದಾಗ, ಗಾಜಿಗೆ ಗೋಚರವಾಗದ ಆ ರೋಗಾಣುವನ್ನು ಕಾಣುವ ಬಗೆಯನ್ನು ಚಿಂತಿಸುತ್ತ ಈ ಕಲ್ಪನೆ ಹೊಳೆಯಿತೆಂಬುದು ರ್ಯೂಡೆನ್‌ಬರ್ಗನ ಸಮಾಧಾನ. ಈ ಎರಡೂ ಏಕಕಾಲದಲ್ಲಿ ಸತ್ಯವಾಗಿರಬಹುದು. ಮಗನ ವ್ಯಾಧಿಯು ಕಲ್ಪನೆಯ ಹುಟ್ಟಿಗೆ ಕಾರಣವಾದೀತು. ಅರ್ಜಿಯು ಅದೇ ವಾರದಲ್ಲಿ ಏಕೆ ಹೋಯಿತೆಂಬ ಪ್ರಶ್ನೆಗೆ ಅದರಿಂದ ಉತ್ತರ ದೊರೆಯದು.

ಜರ್ಮನಿಯಲ್ಲಿ ಎ.ಇ.ಜಿ. ಕಂಪನಿಯವರು ಅಡ್ಡಿಮಾಡಿದುದರಿಂದ ಅಲ್ಲಿನ ಪೇಟೆಂಟುಗಳು 1953-54ರವರೆಗೆ ಹೊರಡಲಿಲ್ಲ. ಅಮೆರಿಕದಲ್ಲಿ 1936-37ರಲ್ಲಿಯೇ ದೊರೆತುವು. ಯೆಹೂದ್ಯ ವಂಶದವನಾದ ರ್ಯೂಡೆನ್‌ಬರ್ಗನು ಅಷ್ಟರಲ್ಲಿ ಹಿಟ್ಲರನ ಜರ್ಮನಿಯನ್ನು ಬಿಟ್ಟು, ಇಂಗ್ಲೆಂಡಿನ ಮೂಲಕ ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕನಾದನು. ಯುದ್ಧ ಬಂದಾಗ ಅಮೆರಿಕದ ಸರ್ಕಾರವು ಆ ಪೇಟೆಂಟುಗಳನ್ನು ಶತ್ರುದೇಶದ ಸಂಸ್ಥೆಯ ಸ್ವತ್ತೆಂದು ವಶಪಡಿಸಿಕೊಂಡಿತು. ಶತ್ರುವಿನಿಂದಲೇ ತಪ್ಪಿಸಿಕೊಂಡು ಬಂದವನ ಕಲ್ಪನೆಯು ಶತ್ರುಧನವೆನಿಸಿತು! ಆತನು ಸರ್ಕಾರದ ಮೇಲೆ ವ್ಯಾಜ್ಯ ಹೂಡಿದನು. 1947ರಲ್ಲಿ ಮ್ಯಾಸಚೂಸೆಟ್ಸಿನ ಫೆಡರಲ್ ನ್ಯಾಯಾಲಯವು ಆತನ ಪರವಾಗಿ ತೀರ್ಪಿತ್ತಿತು.

ಇತ್ತ ರುಸ್ಕನು 1933ರ ಕೊನೆಯಲ್ಲಿ ಗಾಜಿನ ಸೂಕ್ಷ್ಮದರ್ಶಕವನ್ನು ಮೀರಿಸಿದ ಯಂತ್ರವನ್ನು ಕಟ್ಟಿದ್ದನು. 1937ರಲ್ಲಿ ಆತನನ್ನು ಕೆಲಸಕ್ಕೆ ತೆಗೆದುಕೊಂಡವರು ಸೀಮೆನ್ಸಿನವರೇ. 1939ರಿಂದ ಅವರು ಆ ಯಂತ್ರವನ್ನು ಮಾರಾಟಕ್ಕೆ ಕಳುಹಿಸಿದರು. ಹೀಗೆ ವಾದಿಪ್ರತಿವಾದಿಗಳಿಬ್ಬರೂ ಒಂದೇ ಸಂಸ್ಥೆಯ ಅನ್ನವನ್ನುಂಡವರಾದರು. ರ್ಯೂಡೆನ್‌ಬರ್ಗನು 1961ರಲ್ಲಿಯೂ ಕ್ನೋಲನು 1969ರಲ್ಲಿಯೂ ತೀರಿಕೊಂಡರು. ನೊಬೆಲ್ ಪಾರಿತೋಷಕದ ಅರ್ಧಭಾಗವು ರುಸ್ಕನಿಗೆ ದೊರೆತುದು 1986ರಲ್ಲಿ, ಆತನ 79ನೆಯ ವಯಸ್ಸಿನಲ್ಲಿ.