ಮೂರನೆಯ ಲಾಳಿಯ ಹುಡುಗ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರ ಬೆಟ್ಟಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನೇ ನುಡಿಯಬೇಕು ಎಂದು ಹೇಳುವ ಈ ಬರಹ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದೂ ವಿಧಿಸುತ್ತದೆ. ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ತಾನು ಲಿಪಿಕಾರನೆಂಬುದನ್ನು ಆತ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಭಾರತದ ಲಿಪಿ, ನಮ್ಮ ನಾಡಿನದಲ್ಲ. ಎಲ್ಲಿಯೋ ದೂರದಲ್ಲಿ, ಯಾವನೋ ಗುರುವಿನ ಬಳಿ ಕಲಿತ ವಿದ್ಯೆಯನ್ನು ಹೊತ್ತು ಆತ ಈ ಬಯಲುಸೀಮೆಗೆ ಬಂದಿರಬೇಕು. ಅರಸನ ಆಜ್ಞೆಯ ಕೆಳಗೆ ಒಬ್ಬ ಕಸುಬುದಾರನು ತನ್ನ ಕಸುಬಿನ ಹೆಸರನ್ನು ಹೆಮ್ಮೆಯಿಂದ ಉಳಿಸಿಹೋದದ್ದು ಈ ಲೇಖಕನಿಗೆ ಶಾಸನದ ಉಳಿದ ಮಾತುಗಳಷ್ಟೇ ಪ್ರಿಯವಾಗಿದೆ.

ಇದೇ ಬೆಟ್ಟಗುಡ್ಡಗಳ ಸೀಮೆಯಲ್ಲಿ ಮೊಳಕಾಲ್ಮೂರು ರೇಷ್ಮೆ ಸೀರೆ ಹುಟ್ಟುತ್ತದೆ. ಒಡಲಿಗೆ ಒಂದು ಬಣ್ಣ, ಎರಡು ಅಂಚುಗಳಿಗೆ ಬೇರೆಯೇ ಬಣ್ಣ. ಆದ್ದರಿಂದ ಒಂದು ಲಾಳಿಯಿಂದ ಕೆಲಸವಾಗದು, ಮೂರು ಬೇಕು. ಕುಳಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನಿಗೆ ಎರಡೇ ಕೈ. ಹೀಗಾಗಿ ಮಗ್ಗದ ಮಗ್ಗುಲಲ್ಲಿ ಮತ್ತೊಬ್ಬರು ಕುಳಿತು ಅಂಚಿನ ಲಾಳಿಯನ್ನು ದಾಟಿಸಿಕೊಡಬೇಕಾಗುತ್ತದೆ. ಇಂಥ ಮಗ್ಗಗಳಲ್ಲಿ ಆ ಮತ್ತೊಬ್ಬರ ಜಾಗ ಬಹುಕಾಲ ಮನೆಯ ಹುಡುಗನದೋ ಹುಡುಗಿಯದೋ ಆಗಿತ್ತು. ಕಂಡಿಕೆ ಸುತ್ತುವುದು, ಹರಿದ ಎಳೆಯನ್ನು ಗಂಟು ಹಾಕುವುದು, ಲಾಳಿ ಕೊಡುವುದು, ಕೊನೆಗೊಂದು ದಿನ ಅಪ್ಪ ಎದ್ದು ಹೋದಾಗ ಅವನ ಜಾಗದಲ್ಲಿ ಕುಳಿತು ನಾಲ್ಕು ಬೆರಳು ನೇಯುವುದು: ಕಲಿಕೆಯ ಕ್ರಮ ಇದೇ ಆಗಿತ್ತು. ಪಠ್ಯವಿಲ್ಲ, ಪರೀಕ್ಷೆಯಿಲ್ಲ. ತಪ್ಪಿದರೆ ಅಂಚು ಸೊಟ್ಟಗಾಗುತ್ತದೆ, ಅದೇ ಫಲಿತಾಂಶ.

ಈ ಚಿತ್ರವನ್ನು ಕಂಡು ಮರುಳಾಗುವುದು ಸುಲಭ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ನೂಲು, ಜರಿ, ಮಾರಾಟ ಎಲ್ಲವೂ ಸಾಹುಕಾರನ ಕೈಯಲ್ಲಿದ್ದು, ನೇಕಾರನು ಮುಂಗಡ ಸಾಲದಲ್ಲಿ ಸಿಲುಕಿದ್ದರೆ, ಮಗ್ಗುಲಲ್ಲಿ ಕುಳಿತ ಮಗು ವಿದ್ಯಾರ್ಥಿಯೋ ಸಾಲದ ಬಡ್ಡಿಯೋ ಹೇಳುವುದು ಕಷ್ಟ. ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಬಿದ್ದ ಮಕ್ಕಳ ಕುರಿತು 2003ರಲ್ಲಿ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಸಂಸ್ಥೆಯೊಂದು ದೀರ್ಘ ವರದಿಯನ್ನೇ ಹೊರತಂದಿತ್ತು. 1986ರ ಬಾಲಕಾರ್ಮಿಕ ಕಾಯಿದೆ, 2009ರ ಕಡ್ಡಾಯ ಶಿಕ್ಷಣ ಕಾಯಿದೆ, 2016ರ ತಿದ್ದುಪಡಿ ಇವೆಲ್ಲ ಬಂದ ಮೇಲೆ ಹದಿನಾಲ್ಕರೊಳಗಿನ ಮಗುವಿನ ಸ್ಥಾನ ಶಾಲೆಯೆಂಬುದು ನಿಶ್ಚಯವಾಯಿತು. ಶಾಲೆಯ ವೇಳೆ ಮುಗಿದ ನಂತರ ಮನೆಯ ಕಸುಬಿಗೆ ನೆರವಾಗಲು ಮಾತ್ರ ಅವಕಾಶ ಉಳಿಯಿತು. ಇದು ಸರಿಯಾದದ್ದೇ. ಆದರೆ ಹದಿನಾಲ್ಕರಿಂದ ಹದಿನೆಂಟರ ನಡುವಿನ ಮಕ್ಕಳು ಕೈಗೆಲಸವನ್ನು ಕಲಿಯಬೇಕಾದದ್ದು ಎಲ್ಲಿ, ಯಾರಿಂದ, ಯಾವ ಕರಾರಿನ ಮೇಲೆ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಬೇಗ ದೊರೆಯಲಿಲ್ಲ.

ಇದು ನಮ್ಮ ಕಾಲದಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಕನ್ನಡ ನಾಡಿನಲ್ಲಿ ಇದನ್ನು ಮೊದಲು ಗಂಭೀರವಾಗಿ ಎದುರಿಸಿದವರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಸೇರುತ್ತಾರೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕರಾವಳಿಗೆ ಬಂದಿಳಿದಾಗ ಕಾರ್ಖಾನೆ ಕಟ್ಟುವ ಉದ್ದೇಶ ಅವರಿಗಿರಲಿಲ್ಲ. ಆದರೆ ಕ್ರೈಸ್ತರಾದವರು ಜಾತಿಯನ್ನು ಕಳೆದುಕೊಂಡ ದಿನವೇ ಗೇಣಿಯನ್ನೂ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಜ್ಞಾನಸ್ನಾನದ ಮರುದಿನ ಅವರ ಮನೆಯ ಒಲೆ ಉರಿಯುವುದು ಹೇಗೆ? ಬೇಸಾಯವನ್ನು ಪ್ರಯತ್ನಿಸಲಾಯಿತು, ಗಡಿಯಾರದ ಕೆಲಸವನ್ನೂ ಪ್ರಯತ್ನಿಸಲಾಯಿತು, ಫಲ ಸಿಗಲಿಲ್ಲ. 1841ರಲ್ಲಿ ಮುದ್ರಣಾಲಯ ಬಂತು. ಅದರ ಸುತ್ತ ಅಕ್ಷರ ಜೋಡಿಸುವವರು, ಪುಸ್ತಕ ಕಟ್ಟುವವರು ಸಿದ್ಧರಾದರು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ರಲ್ಲಿ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಟಿತು.

ನೇಯ್ಗೆಯ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. 1851ರಲ್ಲಿ ಹಾಲರ್ ಎಂಬವರು ಯುರೋಪಿನಿಂದ ಬಂದರು. ಅವರು ಪಾದ್ರಿಗಿಂತ ಮೊದಲು ನುರಿತ ನೇಕಾರರು. ಸುಧಾರಿತ ಮಗ್ಗಗಳನ್ನು ಹೂಡಿ, ಬಣ್ಣದ ಮನೆಯನ್ನು ಕಟ್ಟಿದರು. ಅಲ್ಲಿಯೇ ಸಿದ್ಧವಾದ ಖಾಕಿ ಬಣ್ಣದ ಬಟ್ಟೆಯನ್ನು ಕೆನರಾ ಜಿಲ್ಲೆಯ ಪೊಲೀಸರು ಸಮವಸ್ತ್ರವಾಗಿ ತೊಟ್ಟರು. 1865ರಲ್ಲಿ ಪ್ಲೆಬ್ಸ್ಟ್ ಅವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿಯ ದಡದ ಜೇಡಿಮಣ್ಣನ್ನು ಮೊದಲಿಗೆ ಎತ್ತುಗಳಿಂದ ಅರೆಸಿ, ದಿನಕ್ಕೆ ಕೆಲವು ನೂರು ಹಂಚುಗಳನ್ನಷ್ಟೇ ತೆಗೆಯುತ್ತಿದ್ದರು. ಸ್ವಲ್ಪವೇ ವರ್ಷಗಳಲ್ಲಿ ಸ್ಥಳೀಯ ಉದ್ಯಮಿಗಳೂ ಹಂಚಿಗೆ ಕೈಹಾಕಿದರು; ಒಂದೆಡೆ ಕಲಿತ ಕೈಗೆ ಹತ್ತು ಕಡೆ ಕರೆ ಬರತೊಡಗಿತು. 1874ರ ಹೊತ್ತಿಗೆ ಯಂತ್ರಗಳನ್ನು ತಯಾರಿಸುವ, ದುರಸ್ತಿ ಮಾಡುವ ಕಾರ್ಯಾಗಾರವೂ ಮಂಗಳೂರಿನಲ್ಲಿ ನಿಂತಿತು.

ಮಿಶನ್ ಶಾಲೆಯಿಂದ ಹೊರಬಂದ ಹುಡುಗರಿಗೆ ಈ ಕಾರ್ಯಾಗಾರಗಳು ಎರಡನೆಯ ಶಾಲೆಯಾದವು. ಗಂಟೆ ಬಾರಿಸಿದಾಗ ಕೆಲಸ, ಗಂಟೆ ಬಾರಿಸಿದಾಗ ವಿರಾಮ, ಭಾನುವಾರ ಬಿಡುವು. ಕಾಲವನ್ನು ಗಂಟೆಗಳಲ್ಲಿ ಅಳೆಯುವ ಈ ಶಿಸ್ತು ಕೃಷಿಕ ಮನೆತನದ ಮಕ್ಕಳಿಗೆ ಹಂಚಿಗಿಂತಲೂ ಹೊಸದಾಗಿತ್ತು. ಉಪಕಾರವನ್ನು ನೆನೆಯುವಾಗ ತೊಡಕನ್ನೂ ನೆನೆಯಬೇಕು. ಉಪದೇಶಕ, ಉಪಾಧ್ಯಾಯ, ಧಣಿ ಈ ಮೂರೂ ಒಂದೇ ಮನೆಯವರಾದಾಗ, ಕೂಲಿ ಸಾಲದೆಂದು ಹೇಳಲು ಹುಡುಗನು ಯಾರ ಬಳಿಗೆ ಹೋಗಬೇಕು? ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರಕಾರವು ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಯುದ್ಧಾನಂತರ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಧಣಿ ಬದಲಾದರೂ ಕೈಯಲ್ಲಿದ್ದ ವಿದ್ಯೆ ಯಾರ ವಶಕ್ಕೂ ಹೋಗಲಿಲ್ಲ.

ಮೇಲೆ ಹೇಳಿದ ತೊಡಕಿಗೆ ಮತ್ತೊಂದು ಪರಿಹಾರ ಸುಮಾರು ಅದೇ ವರ್ಷಗಳಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ರೂಪುಗೊಂಡಿತು. ಹಳ್ಳಿಗಳಿಂದ ನಗರಕ್ಕೆ ಬಂದು ಗಾರೆಯವರ, ಬಡಗಿಗಳ ಕೈಕೆಳಗೆ ದುಡಿಯುತ್ತಿದ್ದ ಹುಡುಗರನ್ನು ಸಂತ ಜಾನ್ ಬೋಸ್ಕೊ ಕೂಡಿಸುತ್ತಿದ್ದರು. ಅವರು ಕೆಲಸದ ಸ್ಥಳಗಳಿಗೇ ಹೋಗಿ ಹುಡುಗರ ಪಾಡನ್ನು ನೋಡಿಕೊಂಡು ಬರುತ್ತಿದ್ದವರು. 1852ರ ಫೆಬ್ರವರಿಯಲ್ಲಿ ಬೆರ್ತೊಲಿನೊ ಎಂಬ ಬಡಗಿಗೂ ಒದಾಸ್ಸೊ ಎಂಬ ಹುಡುಗನಿಗೂ ಆದ ಕರಾರುಪತ್ರ ಇಂದಿಗೂ ಉಳಿದಿದೆ. ಧಣಿಯು ಹುಡುಗನಿಗೆ ಕಸುಬನ್ನೇ ಕಲಿಸಬೇಕು, ಕಸುಬಿಗೆ ಸಂಬಂಧಿಸದ ಮನೆಗೆಲಸಗಳನ್ನು ಹೇಳಕೂಡದು. ತಪ್ಪಾದರೆ ಮಾತಿನಿಂದ ತಿದ್ದಬೇಕು, ಹೊಡೆಯಕೂಡದು. ಹಬ್ಬದ ದಿನಗಳಲ್ಲಿ ಬಿಡುವು, ವರ್ಷಕ್ಕೆ ಹದಿನೈದು ದಿನ ರಜೆ. ಕಲಿತಂತೆಲ್ಲ ದಿನಗೂಲಿ ಏರಬೇಕು. ಹುಡುಗನಾದರೋ ವಿಧೇಯನಾಗಿ, ಶ್ರದ್ಧೆಯಿಂದ ಕೆಲಸ ಮಾಡಬೇಕು. ಅವನಿಂದಾದ ನಷ್ಟಕ್ಕೆ ತಂದೆ ಹೊಣೆ. ಧಣಿ, ಹುಡುಗ, ತಂದೆ ಇವರೊಂದಿಗೆ ಬೋಸ್ಕೊ ಅವರೂ ರುಜು ಹಾಕಿದರು. ಆ ನಾಲ್ಕನೆಯ ರುಜುವಿನಲ್ಲಿಯೇ ಎಲ್ಲ ವ್ಯತ್ಯಾಸವಿದೆ. ಧಣಿಯೂ ಅಲ್ಲದ, ಮನೆಯವರೂ ಅಲ್ಲದ ಒಬ್ಬರು ಹುಡುಗನ ಪರವಾಗಿ ನಿಂತಿದ್ದರು. ಹೀಗಿದ್ದೂ ಮರುವರ್ಷ, ಎಂದರೆ 1853ರಲ್ಲಿ, ಅವರು ತಮ್ಮ ಆಶ್ರಮದಲ್ಲೇ ಚಮ್ಮಾರಿಕೆ ಮತ್ತು ಹೊಲಿಗೆಯ ಕಾರ್ಯಾಗಾರಗಳನ್ನು ತೆರೆದರು. ಊರಿನ ಕಾರ್ಯಾಗಾರಗಳ ವಾತಾವರಣದ ಬಗ್ಗೆ ಅವರಿಗೆ ಪೂರ್ಣ ನೆಮ್ಮದಿ ಬಂದಿರಲಿಲ್ಲವೆಂದು ಕಾಣುತ್ತದೆ.

ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆ ಕರಕುಶಲ ವಿದ್ಯೆಗಳಿಗೆ ಆಶ್ರಯವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕೈಗಾರಿಕಾ ಶಿಕ್ಷಣಕ್ಕೆ ಒತ್ತು ಬಂತು. ಸ್ವಾತಂತ್ರ್ಯಾನಂತರ 1961ರ ಅಪ್ರೆಂಟಿಸ್ ಕಾಯಿದೆಯು ಹದಿನಾಲ್ಕು ತುಂಬಿದವರನ್ನು ಕರಾರಿನ ಮೇಲೆ, ಭತ್ಯೆ ಕೊಟ್ಟು ತರಬೇತುಗೊಳಿಸುವ ಹೊಣೆಯನ್ನು ಉದ್ಯಮಗಳ ಮೇಲೆ ಹೊರಿಸಿತು. ಟ್ಯೂರಿನ್ನಿನ ಆ ಒಂದು ಹಾಳೆಯಲ್ಲಿದ್ದ ಎಷ್ಟೋ ಅಂಶಗಳು ಈ ಕಾಯಿದೆಯಲ್ಲಿಯೂ ಇವೆ. ಇದಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಸ್ವಿಟ್ಜರ್ಲೆಂಡಿನ ಸಭೆಗಳ ನೆರವಿನಿಂದ ತಲಶ್ಶೇರಿಯ ಬಳಿಯ ನೆಟ್ಟೂರಿನಲ್ಲಿ ಹುಟ್ಟಿದ ತರಬೇತಿ ಸಂಸ್ಥೆ ಮುಂದೆ ಬೆಂಗಳೂರಿನಲ್ಲಿ ನೆಲೆಯೂರಿ, ಎನ್.ಟಿ.ಟಿ.ಎಫ್. ಎಂಬ ಹೆಸರಿನಿಂದ ಕಾರ್ಖಾನೆಗಳಿಗೆ ಬೇಕಾದ ನುರಿತ ಕೈಗಳನ್ನು ಒದಗಿಸಿತು. ಪದವಿಪೂರ್ವ ಹಂತದ ಜೆ.ಓ.ಸಿ. ಶಿಕ್ಷಣವನ್ನು ನಮ್ಮ ಓದುಗರಲ್ಲಿ ಹಲವರು ಕಂಡಿದ್ದೀರಿ, ಅದು ಬಾಳಲಿಲ್ಲ. 2022ರ ಜೂನ್‌ನಲ್ಲಿ ರಾಜ್ಯದ 150 ಸರಕಾರಿ ಐ.ಟಿ.ಐ.ಗಳು ಟಾಟಾ ಸಂಸ್ಥೆಯ ಸಹಭಾಗಿತ್ವದಲ್ಲಿ ಹೊಸ ಯಂತ್ರೋಪಕರಣಗಳೊಂದಿಗೆ ಮೇಲ್ದರ್ಜೆಗೇರಿದವು. ದೊಡ್ಡ ಉದ್ಯಮದ ಕೈ ದೊಡ್ಡದು. ಆದರೆ ಒಂದೆರಡು ಮಗ್ಗಗಳ ಧಣಿಗೆ, ಗ್ಯಾರೇಜಿನ ಮೇಸ್ತ್ರಿಗೆ ಇಂಥ ಒಡಂಬಡಿಕೆಗಳಲ್ಲಿ ಜಾಗ ಸಿಗುವುದು ಅಪರೂಪ.

ಮೊಳಕಾಲ್ಮೂರಿನ ಸಂಕಟ ಇರುವುದು ಇಲ್ಲಿಯೇ. 2011ರಲ್ಲಿ ಇಲ್ಲಿನ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು; 1985ರ ಕಾಯಿದೆಯು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. ಇವು ಹೆಸರನ್ನೂ ವಸ್ತುವನ್ನೂ ಕಾಯುತ್ತವೆ, ಕಲಿಯುವವನನ್ನು ಕಾಯುವುದಿಲ್ಲ. ವಿದ್ಯುತ್ ಮಗ್ಗದ ಅಗ್ಗದ ಸೀರೆಯೆದುರು ಕೈಮಗ್ಗದ ಕೂಲಿಯನ್ನು ಲೆಕ್ಕ ಹಾಕುವ ತಂದೆ, ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನು ಕುಳಿಗಿಳಿಸಲು ಹಿಂಜರಿದರೆ ಅವನನ್ನು ದೂರುವುದು ನ್ಯಾಯವಲ್ಲ. ನೆರೆಯ ಚಳ್ಳಕೆರೆಯ ಹುಲ್ಲುಗಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಡಿ.ಆರ್.ಡಿ.ಓ. ಮೊದಲಾದವುಗಳಿಗೆ ಸಾವಿರಾರು ಎಕರೆ ಭೂಮಿ ನೀಡಲಾಗಿದೆ. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ನಡೆಯುತ್ತ ಬಂದಿದೆ. ಶಿಕ್ಷಕನಿಗೆ ತೆರೆದ ಬಾಗಿಲು ಹದಿನಾರರ ಹುಡುಗನಿಗೂ ತೆರೆಯಬಾರದೇಕೆ? ಮಗ್ಗದ ಜಕಾರ್ಡಿನ ರಟ್ಟಿನ ತೂತುಗಳಲ್ಲಿ ಹೂಬಳ್ಳಿಯನ್ನು ಓದಬಲ್ಲ ಕಣ್ಣಿಗೆ ಯಂತ್ರದ ನಕ್ಷೆ ಪರಕೀಯವಲ್ಲ.

ಮಗ್ಗವನ್ನೇ ಆರಿಸಿಕೊಳ್ಳುವವರಿಗಾದರೂ ಬೇಕಾದದ್ದು ಬಹಳವಿಲ್ಲ. ಬೆಳಿಗ್ಗೆ ತರಗತಿ, ಮಧ್ಯಾಹ್ನ ನುರಿತ ನೇಕಾರನ ಬಳಿ ಅಭ್ಯಾಸ. ಬಣ್ಣದ ರಸಾಯನ, ನೂಲಿನ ಲೆಕ್ಕ, ಮಾರುಕಟ್ಟೆಯ ಬೆಲೆ ಇವುಗಳ ಪಾಠ. ಕಲಿಸುವ ನೇಕಾರನಿಗೆ ಗುರುವಿಗೆ ಸಲ್ಲುವ ಸಂಬಳ, ಏಕೆಂದರೆ ಕಲಿಸುತ್ತ ಕುಳಿತ ದಿನ ಸೀರೆ ಮುಂದುವರಿಯದು. ಒಂದು ಹಾಳೆಯ ಕರಾರು ಇರಲಿ. ಮನೆಯ ಹಳೆಯ ಸಾಲ ಹುಡುಗನ ಲೆಕ್ಕಕ್ಕೆ ಸೇರದೆಂಬ ಮಾತು ಅದರ ಮೊದಲ ಸಾಲಿನಲ್ಲಿರಲಿ. ಸಾಹುಕಾರ, ತಂದೆ, ಕಲಿಯುವವನು ರುಜು ಹಾಕಿದ ಮೇಲೆ ನಾಲ್ಕನೆಯ ರುಜುವಿಗೆ ಜಾಗ ಉಳಿಯುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರೋ, ಪಂಚಾಯಿತಿಯ ಸದಸ್ಯರೋ, ಧರ್ಮಕೇಂದ್ರದ ಗುರುಗಳೋ ಅಲ್ಲಿ ರುಜು ಹಾಕಿ, ತಿಂಗಳಿಗೊಮ್ಮೆಯಾದರೂ ಆ ಮಗ್ಗದ ಮನೆಗೆ ಹೋಗಿ ಹುಡುಗನನ್ನು ನೋಡಿಕೊಂಡು ಬರಬಹುದು.